ಪಾಟಿಯ ಮೇಲೆ ಬರೆದ ಲೆಕ್ಕ

ಕರೆಂಟ್ ಹೋದರೆ ಥಂಡಿ ಕೋಣೆ ಬೆಚ್ಚಗಾಗುತ್ತದೆ. ಇದನ್ನು ತಿಳಿಯಲು ಯಾರೂ ಎಂಜಿನಿಯರಿಂಗ್ ಓದಬೇಕಿಲ್ಲ. 2024ರ ಏಪ್ರಿಲ್ 18ರ ರಾತ್ರಿ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕರೆಂಟೂ ಹೋಗಿ, ಜನರೇಟರೂ ಕೈಕೊಟ್ಟು, ನಲವತ್ತು ನಿಮಿಷ ಎಲ್ಲ ನಿಂತಿತ್ತು. ನಿಲ್ಲುವ ಮುಂಚೆ ಒಂದನೇ ಚೇಂಬರಿನ ಉಷ್ಣತೆ 5.1 ಡಿಗ್ರಿ. ಮತ್ತೆ ಶುರುವಾದಾಗ ಮೈನಸ್ 1.4. ನಾನು ಕೂಡಿಸಿದ ಯಂತ್ರವೇ ಆ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದಿಟ್ಟಿತ್ತು.

ಆ ಸಾಲನ್ನು ನಾನು ವಾರದೊಳಗೆ ನೋಡಿದೆ. ಯಂತ್ರ ಎದ್ದು ಕೂರುವಾಗ ಮೊದಲ ಅಂಕಿ ಹೆಚ್ಚುಕಡಿಮೆ ಬರುವುದುಂಟು ಎಂದುಕೊಂಡು ಮುಂದೆ ಹೋದೆ. ಕರೆಂಟಿಲ್ಲದ ಚೇಂಬರು ಹೇಗೆ ತಣ್ಣಗಾಯಿತು ಎಂದು ಅವತ್ತೇ ಕೇಳಿಕೊಂಡಿದ್ದರೆ ಮುಂದಿನ 46 ದಿನ ಹಾಗೆ ಕಳೆಯುತ್ತಿರಲಿಲ್ಲ. ಕಾಕಾನ ಮೆಣಸಿನಕಾಯಿ ಮಂಕಾಗುತ್ತಿರಲಿಲ್ಲ. ಒಬ್ಬ ಹಿರಿಯರ ಮನಸ್ಸು ನಾನು ನೋಯಿಸುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನನ್ನಂತೆ ಯಂತ್ರಗಳಿಗೆ ಡ್ರೈವರ್ ಬರೆಯುವ ಹುಡುಗರು ಈಗ ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ಅವರು ಓದಲಿ ಎಂದು.

ನಮ್ಮದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಅಪ್ಪ ಬ್ಯಾಡಗಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಕಾಕಾ ಹೊಲ ನೋಡಿಕೊಂಡ. ನಾನು ಹಾವೇರಿಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಐದು ವರ್ಷ ದುಡಿದು, ಅಪ್ಪ ತೀರಿಕೊಂಡ ಮೇಲೆ ಈ ಕಡೆ ಬಂದೆ. ರಾಣೇಬೆನ್ನೂರಿನಲ್ಲಿ ಒಂದು ಮಳಿಗೆ ಹಿಡಿದು ಬೀಜದ ಗೋದಾಮುಗಳ ತೂಕದ ಯಂತ್ರ, ಒಣಗಿಸುವ ಯಂತ್ರ, ಅವುಗಳ ಕಂಟ್ರೋಲ್ ಪ್ಯಾನೆಲ್ ರಿಪೇರಿ ಮಾಡುತ್ತೇನೆ. ಅಂಗೈಯಗಲದ ಕಂಪ್ಯೂಟರ್ ಕಾರ್ಡುಗಳಲ್ಲಿ ಲಿನಕ್ಸ್ ಹಾಕಿ, ಗಿರಾಕಿಗೆ ಬೇಕಾದ ಯಂತ್ರ ಕಟ್ಟಿಕೊಡುವುದೂ ಉಂಟು. ಆ ಕೋಲ್ಡ್ ಸ್ಟೋರೇಜಿನ ಕೆಲಸ ನನಗೆ ಸಿಕ್ಕಿದ್ದು ಹಾಗೆ.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ. ಖಾರ ಕಡಿಮೆ, ಸಿಪ್ಪೆ ಸುಕ್ಕು, ಬಣ್ಣ ಮಾತ್ರ ಕಡುಗೆಂಪು. ಕಡ್ಡಿ, ಡಬ್ಬಿ ಎಂದು ಎರಡು ತಳಿ. 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಕಾಯಿಯಿಂದ ತೆಗೆದ ಬಣ್ಣ ಅಡುಗೆ ಪದಾರ್ಥಗಳಿಂದ ಹಿಡಿದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. ಆ ಬಣ್ಣಕ್ಕೆ ಬೆಳಕು, ಗಾಳಿ, ಸೆಕೆ ಮೂರೂ ವೈರಿಗಳು. ಅದಕ್ಕೇ ದರ ಬಾರದ ವರ್ಷ ರೈತರು ಕಾಯಿಯನ್ನು ಕತ್ತಲೆಯ ಥಂಡಿ ಚೇಂಬರಿನಲ್ಲಿಟ್ಟು ಕಾಯುತ್ತಾರೆ.

2024 ಅಂಥ ವರ್ಷ. ಮಾರ್ಚ್ 11ರ ಸೋಮವಾರ ದರ ಕುಸಿದದ್ದಕ್ಕೆ ಸಿಟ್ಟಾದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅವತ್ತು ಕಾಕಾ ಪೇಟೆಯಲ್ಲೇ ಇದ್ದ. ತಾನು ಯಾವುದಕ್ಕೂ ಕೈ ಹಾಕದೆ ಚೀಲಗಳ ಮೇಲೆ ಕೂತಿದ್ದೆ ಅಂದ. ನಾಲ್ಕು ದಿನ ಬಿಟ್ಟು 42 ಚೀಲ ಡಬ್ಬಿ ಕಾಯಿಯನ್ನು ತಂದು ನಾನು ಯಂತ್ರ ಕೂಡಿಸಿದ ಕೋಲ್ಡ್ ಸ್ಟೋರೇಜಿನಲ್ಲೇ ಇಟ್ಟ. "ನಿನ್ನ ಮಷೀನ್ ಐತೆಲ್ಲ ತಮ್ಮಾ, ಮತ್ತೇನು ಚಿಂತಿ" ಅಂದ. ಚೀಲಗಳು ಒಂದನೇ ಚೇಂಬರಿಗೆ ಹೋದವು.

ಇನ್ನು ಆ ಮಷೀನಿನ ಮಾತು.

ಚೇಂಬರಿನ ಥಂಡಿಯನ್ನು ಅಳೆಯುವುದು ಪ್ಲಾಟಿನಂ ತಂತಿಯ ಒಂದು ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ ಸರಿಯಾಗಿ 100 ಓಮ್. ಒಂದು ಡಿಗ್ರಿ ಏರಿದರೆ ಸುಮಾರು 0.385 ಓಮ್ ಏರುತ್ತದೆ. ಅಷ್ಟು ಸಣ್ಣ ಏರಿಳಿತವನ್ನೇ ನಾವು ಓದಬೇಕು. ಆದರೆ ಸೆನ್ಸರಿನಿಂದ ಕಂಟ್ರೋಲ್ ರೂಮಿನವರೆಗೆ ಬರುವ ತಾಮ್ರದ ತಂತಿಗೂ ತನ್ನದೊಂದು ರೋಧ ಇರುತ್ತದೆ, ಅದೂ ಈ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಮೂರು ತಂತಿ ಎಳೆದರೆ ಅದನ್ನು ಯಂತ್ರವೇ ಕಳೆದುಕೊಳ್ಳುವಂತೆ ಮಾಡಬಹುದು. ಆ ಕಟ್ಟಡದ ಗೋಡೆಯೊಳಗೆ ಮೊದಲೇ ಎರಡು ತಂತಿ ಎಳೆದಿದ್ದರು. ಗೋಡೆಯ ನಿರೋಧಕ ಹಾಳೆ ಕೊರೆದು ಹೊಸದಾಗಿ ಎಳೆಯುವುದು ಆಗದ ಮಾತಾಗಿತ್ತು. ಹಾಗಾಗಿ ತಂತಿಯ ರೋಧವನ್ನು ನಾನೇ ಅಳೆದು, ಡ್ರೈವರಿಗೆ ಆ ಅಂಕಿ ಕೊಟ್ಟು, ಕಳೆ ಎಂದು ಹೇಳಿದೆ. ಒಂದನೇ ಚೇಂಬರ್ ಕಂಟ್ರೋಲ್ ರೂಮಿನ ಪಕ್ಕದ್ದು. ಅದರ ತಂತಿ 20 ಮೀಟರ್, ಹೋಗಿ ಬರುವ ದಾರಿ ಸೇರಿ 1.38 ಓಮ್. ಎರಡನೆಯದು ಆಚೆ ತುದಿಯದು. ತಂತಿ 58 ಮೀಟರ್, ರೋಧ 3.99 ಓಮ್. ಡಿಗ್ರಿಗೆ ತಿರುಗಿಸಿದರೆ ಮೊದಲನೆಯದಕ್ಕೆ 3.6 ಡಿಗ್ರಿ ಕಳೆಯಬೇಕು, ಎರಡನೆಯದಕ್ಕೆ 10.4.

ಇಲ್ಲಿ ಕರ್ನಲ್ಲಿನ, ಅಂದರೆ ಲಿನಕ್ಸಿನ ಒಳತಿರುಳಿನ ಸಂಗತಿ ಬರುತ್ತದೆ. ಡ್ರೈವರ್ ಅಂದರೆ ಒಂದು ಬಗೆಯ ಯಂತ್ರವನ್ನು ನಡೆಸುವ ವಿದ್ಯೆ. ಡಿವೈಸ್ ಅಂದರೆ ಆ ಬಗೆಯ ಒಂದೊಂದು ಯಂತ್ರ. ವಿದ್ಯೆ ಒಂದೇ ಇದ್ದರೂ ಯಂತ್ರಗಳು ಹತ್ತಿರಬಹುದು. ಪ್ರತಿ ಯಂತ್ರದ ಗುಣ ಬೇರೆ: ಒಂದರ ತಂತಿ ಗಿಡ್ಡ, ಇನ್ನೊಂದರದು ಉದ್ದ. ಆ ಬೇರೆ ಬೇರೆ ಗುಣವನ್ನು ಡಿವೈಸ್ ನೋಂದಾಯಿಸುವಾಗಲೇ ಜೊತೆಗೆ ಕಟ್ಟಿಕೊಡಲು ಲಿನಕ್ಸ್‌ನಲ್ಲಿ ಒಂದು ಜಾಗ ಇದೆ, ಅದಕ್ಕೆ ಪ್ಲಾಟ್‌ಫಾರ್ಮ್ ಡೇಟಾ ಎನ್ನುತ್ತಾರೆ. ಅದೊಂದು ಪಾಯಿಂಟರ್, ಅಂದರೆ ನೆನಪಿನೊಳಗಿನ ಒಂದು ವಿಳಾಸ ಮಾತ್ರ. ಆ ವಿಳಾಸದಲ್ಲಿ ಏನಿದೆ, ಎಷ್ಟಿದೆ, ಎಷ್ಟು ಹೊತ್ತು ಇರುತ್ತದೆ ಎಂದು ಕರ್ನಲ್ ಕೇಳುವುದಿಲ್ಲ. ಕೊಟ್ಟ ವಿಳಾಸವನ್ನು ಇಟ್ಟುಕೊಂಡು, ಡಿವೈಸಿಗೆ ಹೊಂದುವ ಡ್ರೈವರ್ ಬಂದಾಗ ಅದರ ಕೈಗೆ ದಾಟಿಸುತ್ತದೆ. ಹಾಗೆ ಡ್ರೈವರ್ ಮೊದಲ ಸಲ ಡಿವೈಸನ್ನು ಕಂಡು ಮಾತಾಡಿಸುವ ಹೊತ್ತಿಗೆ ಪ್ರೋಬ್ ಎಂದು ಹೆಸರು.

ನನ್ನ ಕೆಲಸ ಎರಡು ಮಾಡ್ಯೂಲ್‌ಗಳಾಗಿ, ಅಂದರೆ ಕರ್ನಲ್ಲಿಗೆ ಬೇಕೆಂದಾಗ ಹಾಕಿ ತೆಗೆಯಬಹುದಾದ ಎರಡು ತುಂಡುಗಳಾಗಿ ಇತ್ತು. ಒಂದು, ಡಿವೈಸುಗಳನ್ನು ನೋಂದಾಯಿಸುವ ಪಟ್ಟಿ. ಇನ್ನೊಂದು, ಡ್ರೈವರ್. 2022ರಲ್ಲಿ ಒಂದೇ ಚೇಂಬರಿಗೆ ಕೂಡಿಸಿದಾಗ ಪಟ್ಟಿಯಲ್ಲಿ ಒಂದೇ ಡಿವೈಸ್, ಅದರ ಗುಣ ಹಿಡಿದಿಡಲು ಒಂದೇ ಸ್ಟ್ರಕ್ಚರ್. ಮರುವರ್ಷ ಎರಡನೇ ಚೇಂಬರ್ ಸೇರಿತು. ಆಗ ನಾನು ಮಾಡಿದ್ದಿಷ್ಟು: ಅದೇ ಸ್ಟ್ರಕ್ಚರಿನಲ್ಲಿ 1.38 ಬರೆದು ಮೊದಲ ಡಿವೈಸ್ ನೋಂದಾಯಿಸಿದೆ. ಮುಂದಿನ ಸಾಲಿನಲ್ಲಿ ಅದನ್ನೇ ಅಳಿಸಿ 3.99 ಬರೆದು ಎರಡನೆಯದನ್ನು ನೋಂದಾಯಿಸಿದೆ. ಎರಡು ಡಿವೈಸಿಗೂ ಕೊಟ್ಟ ವಿಳಾಸ ಒಂದೇ. ಕಂಪೈಲರ್ ಏನೂ ಅನ್ನಲಿಲ್ಲ. ಮೇಜಿನ ಮೇಲೆ ಪರೀಕ್ಷೆ ಮಾಡಿದೆ, ಎರಡೂ ಚೇಂಬರಿನ ಅಂಕಿ ಸರಿ ಬಂದವು. ಚೇಂಬರಿನಲ್ಲಿ ಕೂಡಿಸಿದೆ, ಅಲ್ಲೂ ಸರಿ ಬಂದವು. ಒಂದು ವರ್ಷ ಸರಿಯಾಗಿಯೇ ನಡೆಯಿತು.

ನಡೆದದ್ದಕ್ಕೆ ಕಾರಣ ಇತ್ತು. ನಾನು ಯಾವಾಗಲೂ ಮೊದಲು ಡ್ರೈವರ್ ಹಾಕಿ, ಆಮೇಲೆ ಪಟ್ಟಿ ಹಾಕುತ್ತಿದ್ದೆ. ಡ್ರೈವರ್ ಮೊದಲೇ ಕಾದು ನಿಂತಿದ್ದರೆ, ಡಿವೈಸ್ ನೋಂದಾಯಿಸಿದ ಕ್ಷಣವೇ ಪ್ರೋಬ್ ನಡೆಯುತ್ತದೆ. ಆ ಕ್ಷಣದಲ್ಲಿ ಸ್ಟ್ರಕ್ಚರಿನಲ್ಲಿ 1.38 ಇರುತ್ತಿತ್ತು. ಡ್ರೈವರ್ ಅದನ್ನು ಓದಿ ತನ್ನ ಬಳಿ ಬರೆದುಕೊಂಡ ಮೇಲೆಯೇ 3.99 ಬರುತ್ತಿತ್ತು. ತಪ್ಪು ಒಳಗೇ ಇದ್ದರೂ ಕ್ರಮ ಅದನ್ನು ಮುಚ್ಚಿಟ್ಟಿತ್ತು.

2024ರ ಫೆಬ್ರವರಿಯಲ್ಲಿ ಹಳೆಯ ಕಾರ್ಡು ಸುಟ್ಟುಹೋಗಿ ಹೊಸದು ಹಾಕಿದೆ. ಯಂತ್ರ ಎದ್ದಾಗ ಯಾವ ಯಾವ ಮಾಡ್ಯೂಲ್ ಹಾಕಬೇಕು ಎಂಬ ಕಡತವನ್ನು ಹೊಸದಾಗಿ ಬರೆದೆ. ಬರೆಯುವಾಗ ಪಟ್ಟಿಯ ಹೆಸರು ಮೇಲೆ ಬಂತು, ಡ್ರೈವರಿನ ಹೆಸರು ಕೆಳಗೆ. ಕರ್ನಲ್ ಯಾವ ಕ್ರಮವನ್ನೂ ಒಪ್ಪುತ್ತದೆ. ಡಿವೈಸ್ ಮೊದಲು ಬಂದರೆ ಡ್ರೈವರಿಗೆ ಕಾಯುತ್ತದೆ, ಡ್ರೈವರ್ ಮೊದಲು ಬಂದರೆ ಡಿವೈಸಿಗೆ ಕಾಯುತ್ತದೆ. ಅವತ್ತು ಮಾತ್ರ ಎರಡನ್ನೂ ಕೈಯಿಂದಲೇ, ರೂಢಿಯಂತೆ ಡ್ರೈವರ್ ಮೊದಲಾಗಿ ಹಾಕಿ, ಅಂಕಿ ಸರಿ ಇರುವುದನ್ನು ನೋಡಿ ಬಂದೆ. ಕಾರ್ಡಿಗೆ ಒಂದು ಸಣ್ಣ ಬ್ಯಾಟರಿ ಇತ್ತು. ಅದು ಏಪ್ರಿಲ್‌ವರೆಗೆ ಸಣ್ಣಪುಟ್ಟ ಕಡಿತಗಳನ್ನೆಲ್ಲ ತಡೆಯಿತು. ಏಪ್ರಿಲ್ 18ರ ರಾತ್ರಿ ಬ್ಯಾಟರಿ ಸೋತಿತು. ಹೊಸ ಕಡತದ ಕ್ರಮದಲ್ಲಿ ಯಂತ್ರ ಎದ್ದದ್ದು ಅದೇ ಮೊದಲು. ಡ್ರೈವರ್ ಬರುವ ಹೊತ್ತಿಗೆ ಎರಡು ಡಿವೈಸುಗಳೂ ನೋಂದಾಯಿಸಿಕೊಂಡು ಕೂತಿದ್ದವು, ಒಂದೇ ವಿಳಾಸ ಹಿಡಿದುಕೊಂಡು. ಆ ವಿಳಾಸದಲ್ಲಿ ಉಳಿದಿದ್ದದ್ದು 3.99. ಒಂದನೇ ಚೇಂಬರಿನ ಲೆಕ್ಕದಿಂದ 3.6ರ ಬದಲು 10.4 ಡಿಗ್ರಿ ಕಳೆಯತೊಡಗಿತು. ಪರದೆಯ ಮೇಲೆ 5 ಎಂದು ತೋರಿಸುವಾಗ ಒಳಗೆ ನಿಜವಾಗಿ 11.8 ಇರುತ್ತಿತ್ತು. ಎರಡನೇ ಚೇಂಬರಿಗೆ ತನ್ನದೇ ಅಂಕಿ ಸಿಕ್ಕಿದ್ದರಿಂದ ಅದು ಸರಿಯಾಗಿಯೇ ಇತ್ತು.

ಈಗ ಬರೆಯುವಾಗ ಇದೆಲ್ಲ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಆಗ ನನಗೆ ಒಂದೂ ಗೊತ್ತಿರಲಿಲ್ಲ.

ಮೊದಲ ಫೋನು ಬಂದದ್ದು ಏಪ್ರಿಲ್ 24ರಂದು. ಅಲ್ಲಿಯ ಪ್ಲಾಂಟ್ ಆಪರೇಟರ್ ಅರವತ್ತರ ಹತ್ತಿರದವರು. ಕಂಪ್ರೆಸರಿನ ಸದ್ದಿನಲ್ಲೇ ಅದರ ಆರೋಗ್ಯ ಹೇಳಬಲ್ಲವರು. "ಸರ, ಒಂದನೇ ಚೇಂಬರಿನ್ಯಾಗ ಮೊದಲಿನ ಥಂಡಿ ಇಲ್ರೀ. ಒಳಗ ಹ್ವಾದ್ರ ಮೈ ಝುಂ ಅನ್ನಾಂಗಿಲ್ಲ" ಅಂದರು. ಪರದೆ ಎಷ್ಟು ತೋರಿಸುತ್ತಿದೆ ಎಂದು ಕೇಳಿದೆ. "ಐದು" ಅಂದರು. ಹಾಗಿದ್ದರೆ ಐದೇ ಇರುತ್ತದೆ ಎಂದೆ. ಆದರೂ ಹೆದ್ದಾರಿ 48 ಹಿಡಿದು ಮೋಟೆಬೆನ್ನೂರಿನಲ್ಲಿ ತಿರುಗಿ ಬ್ಯಾಡಗಿಗೆ ಬಂದೆ. ಕಾರ್ಡಿಗೆ ಲ್ಯಾಪ್‌ಟಾಪ್ ಜೋಡಿಸಿ ಎರಡೂ ಮಾಡ್ಯೂಲ್ ತೆಗೆದೆ. ಮತ್ತೆ ಹಾಕಿದೆ, ಕೈ ರೂಢಿಯಂತೆ ಡ್ರೈವರ್ ಮೊದಲು. ಅಂಕಿ ಒಮ್ಮೆಲೇ 12ರ ಹತ್ತಿರಕ್ಕೆ ಹಾರಿತು, ಕಂಪ್ರೆಸರ್ ಶುರುವಾಯಿತು, ಸಂಜೆಯ ಹೊತ್ತಿಗೆ ಇಳಿಯತೊಡಗಿತು. ಬಾಗಿಲು ತೆರೆದಿಟ್ಟಿರಬೇಕು ಎಂದುಕೊಂಡೆ.

ಅಲ್ಲಿಂದ ಅದೇ ಆಟ. ಕರೆಂಟ್ ಹೋಗಿ ಬಂದರೆ ಚೇಂಬರ್ ಕೆಡುತ್ತಿತ್ತು. ನಾನು ಬಂದು ಮುಟ್ಟಿದರೆ ಸರಿಯಾಗುತ್ತಿತ್ತು. ನಾನು ರಾಣೇಬೆನ್ನೂರಿಗೆ ಮರಳಿದ ಒಂದೆರಡು ದಿನಕ್ಕೆ ಮತ್ತೆ ಫೋನು. ಒಂದನೇ ಚೇಂಬರಿನ ಸೆನ್ಸರ್ ಬದಲಿಸಿದೆ. ತಂತಿಯ ಜಾಯಿಂಟುಗಳನ್ನೆಲ್ಲ ಬಿಚ್ಚಿ ಬೆಸುಗೆ ಹಾಕಿದೆ. ಅಮೋನಿಯಾ ಒತ್ತಡ ನೋಡಲು ಹುಬ್ಬಳ್ಳಿಯಿಂದ ಮಿಸ್ತ್ರಿಯನ್ನು ಕರೆಸಿದರು. ಬಾಗಿಲಿನ ರಬ್ಬರ್ ಹೊಸದು ಬಂತು. ಡ್ರೈವರಿನ ಕೋಡನ್ನು ಸಾಲು ಸಾಲಾಗಿ ಓದಿದೆ. ಅದರಲ್ಲಿ ತಪ್ಪಿರಲಿಲ್ಲ. ಪಟ್ಟಿಯ ಮಾಡ್ಯೂಲನ್ನು ಓದಲೇ ಇಲ್ಲ. ಹತ್ತಿಪ್ಪತ್ತು ಸಾಲಿನ ಪಟ್ಟಿಯಲ್ಲಿ ಓದುವಂಥದ್ದು ಏನಿದ್ದೀತು ಎಂಬ ಭಾವನೆ.

ಮೇ ತಿಂಗಳ ಬಿಸಿಲು ಏರಿತ್ತು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹನ್ನೆರಡು ಗಂಟೆಗೆ ಎದ್ದು ಫೋನಿನಲ್ಲಿ ಚೇಂಬರಿನ ಅಂಕಿ ನೋಡುತ್ತಿದ್ದೆ. 5.0, 5.2, 4.9. ಅಂಕಿ ನೋಡಿದರೆ ಸಮಾಧಾನ ಆಗಬೇಕಿತ್ತು, ಬದಲಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಚೀಲದಲ್ಲಿರುವ ಕಾಯಿಯ ಬಣ್ಣವನ್ನು ಕಣ್ಣಿಗೆ ತಂದುಕೊಳ್ಳಲು ಹೋದರೆ ಕಾಕಾನ ಮುಖ ಬರುತ್ತಿತ್ತು. ಕಾಕಾಗೆ ಏನೂ ಹೇಳಿರಲಿಲ್ಲ. ಚಿಗವ್ವ ಮನೆಗೆ ಕರೆದಾಗಲೆಲ್ಲ ಕೆಲಸ ಇದೆ ಎಂದು ತಪ್ಪಿಸಿಕೊಂಡೆ.

ಮೇ 21ರಂದು ನಾಲ್ಕನೇ ಸಲ ಕರೆದಾಗ ನನ್ನ ತಾಳ್ಮೆ ಕೆಟ್ಟಿತು. ಹಮಾಲರು, ಮಾಲೀಕರ ಮಗ, ಎಲ್ಲರೂ ಇದ್ದರು. ಅವರೆದುರಿಗೇ ಆಪರೇಟರಿಗೆ ಹೇಳಿದೆ: "ನೀವು ಬಾಗಲಾ ತಗದಿಟ್ಟು ಕುಂದರ್ತೀರಿ, ಆಮ್ಯಾಲೆ ಮಷೀನಿಗೆ ಬೈತೀರಿ." ಅವರು ಎದುರು ಮಾತಾಡಲಿಲ್ಲ. ಒಳಗೆ ಹೋಗಿ ಒಂದು ಹಳೆಯ ಗಾಜಿನ ಥರ್ಮಾಮೀಟರ್ ತಂದು ನನ್ನ ಕೈಗಿಟ್ಟರು. ಅದನ್ನು ತಾವು ಹದಿನೈದು ದಿನದಿಂದ ಒಂದನೇ ಚೇಂಬರಿನ ಕಂಬಕ್ಕೆ ಕಟ್ಟಿದ್ದಾಗಿ ಹೇಳಿದರು. ಅದರಲ್ಲಿ ಹನ್ನೆರಡರ ಹತ್ತಿರ ಕೆಂಪು ಗೆರೆ ನಿಂತಿತ್ತು. ಪರದೆಯ ಮೇಲೆ 5.1.

ನಾನು ಆ ಗಾಜನ್ನೂ ನಂಬಲಿಲ್ಲ. ಹಳೆಯದು, ಕೆಟ್ಟಿರುತ್ತದೆ ಎಂದೆ. ಅವರ ಮುಖ ಅವತ್ತು ಹೇಗಾಯಿತು ಎಂಬುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಾಗೆಂದು ಬಂದವನಿಗೆ ಆ ರಾತ್ರಿ ಮನಸ್ಸು ಒಪ್ಪಲಿಲ್ಲ. ಗಾಜಿನ ಕೊಳವೆಗೆ ಸುಳ್ಳು ಹೇಳುವ ಕಾರಣವಿಲ್ಲ. ಮರುದಿನ ಮಳಿಗೆಯಲ್ಲಿ ಐಸ್ ಪುಡಿ ಮಾಡಿ ನೀರಿನಲ್ಲಿ ಕಲಸಿ ಅಂಥದ್ದೇ ಒಂದು ಥರ್ಮಾಮೀಟರ್ ಮುಳುಗಿಸಿದೆ, ಸರಿಯಾಗಿ ಸೊನ್ನೆ. ಬ್ಯಾಡಗಿಗೆ ಹೋಗಿ ಆಪರೇಟರ್ ಕೊಟ್ಟದ್ದನ್ನೂ ಹಾಗೇ ಮುಳುಗಿಸಿದೆ, ಅದೂ ಸೊನ್ನೆ. ಗಾಜು ಸರಿ ಇತ್ತು. ಸುಳ್ಳು ಹೇಳುತ್ತಿದ್ದದ್ದು ನನ್ನ ಪರದೆ.

ಜೂನ್ 2ರ ಭಾನುವಾರ ಲ್ಯಾಪ್‌ಟಾಪ್ ಹಿಡಿದು ಹಾವೇರಿಗೆ ಹೋದೆ. ಕಾಲೇಜಿನಲ್ಲಿ ನನಗೆ ಆಪರೇಟಿಂಗ್ ಸಿಸ್ಟಂ ಕಲಿಸಿದ ಮೇಷ್ಟ್ರು ಅಲ್ಲೇ ಇದ್ದಾರೆ. ಕೋಡು ತೋರಿಸಹೊರಟೆ. ಅವರು ಕೋಡು ನೋಡಲಿಲ್ಲ, ಉಷ್ಣತೆಯ ದಾಖಲೆ ಕೇಳಿದರು. ಕಾಗದದ ಮೇಲೆ ಪೆನ್ಸಿಲ್ ಹಿಡಿದು, ಯಂತ್ರ ಮತ್ತೆ ಎದ್ದ ಪ್ರತಿ ಸಲದ ಹಿಂದಿನ ಅಂಕಿ, ಮುಂದಿನ ಅಂಕಿ ಬರೆದುಕೊಂಡರು. ಪ್ರತಿ ಸಲವೂ ಹತ್ತಿರಹತ್ತಿರ ಒಂದೇ ಅಳತೆಯ ಏರಿಳಿತ. ಕರೆಂಟ್ ಹೋದಾಗ ಆರೂವರೆಯಿಂದ ಏಳು ಡಿಗ್ರಿ ಇಳಿತ, ನಾನು ಹೋಗಿ ಮುಟ್ಟಿದಾಗ ಅಷ್ಟೇ ಏರಿಕೆ. ಹವೆ ಹಾಗೆ ಒಂದೇ ಅಳತೆಯಲ್ಲಿ ಹಾರುವುದಿಲ್ಲ, ಇದು ಲೆಕ್ಕದೊಳಗಿನ ಅಂಕಿ ಎಂದರು. ಆಮೇಲೆ ಕೇಳಿದರು: "ಇದು ತಾನಾಗಿ ಏಳೂದಕ್ಕೂ ನೀ ಎಬ್ಬಿಸೂದಕ್ಕೂ ಏನು ಫರಕು?"

ಉತ್ತರ ಕೊಡಲು ಬಾಯಿ ತೆರೆದವನು ಹಾಗೇ ನಿಂತೆ. ಕ್ರಮವೊಂದೇ ಫರಕು.

ಮೇಷ್ಟ್ರ ಮನೆಯ ಜಗಲಿಯ ಮೇಲೆಯೇ, ಜೊತೆಗೆ ತಂದಿದ್ದ ಅಂಥದ್ದೇ ಕಾರ್ಡು ಜೋಡಿಸಿದೆ. ಪ್ರೋಬ್‌ನಲ್ಲಿ ಒಂದು ಸಾಲು ಸೇರಿಸಿ, ಪ್ರತಿ ಡಿವೈಸ್ ತಂದ ವಿಳಾಸವನ್ನೂ ಅದರೊಳಗಿನ ಅಂಕಿಯನ್ನೂ ಮುದ್ರಿಸುವಂತೆ ಮಾಡಿದೆ. ಕರ್ನಲ್ 4.15ರಿಂದ ಈಚೆಗೆ ಸುರಕ್ಷತೆಗಾಗಿ ನಿಜವಾದ ವಿಳಾಸ ತೋರಿಸದೆ ವೇಷ ಹಾಕಿದ ಅಂಕಿ ತೋರಿಸುತ್ತದೆ, ಆದರೆ ಒಂದೇ ವಿಳಾಸಕ್ಕೆ ಒಂದೇ ವೇಷ. ಪಟ್ಟಿ ಮೊದಲು, ಡ್ರೈವರ್ ಆಮೇಲೆ ಹಾಕಿದೆ. ಎರಡು ಸಾಲು ಬಂದವು. ಎರಡು ಡಿವೈಸಿಗೂ ಅದೇ ವಿಳಾಸ, ಎರಡಕ್ಕೂ 3.99. ಕ್ರಮ ತಿರುಗಿಸಿದೆ. ವಿಳಾಸ ಆಗಲೂ ಒಂದೇ, ಆದರೆ ಒಂದಕ್ಕೆ 1.38, ಇನ್ನೊಂದಕ್ಕೆ 3.99. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ನನಗೆ ಅಳು ಬಂತು. ತಪ್ಪು ಸಿಕ್ಕಿತೆಂಬ ಸಂತೋಷಕ್ಕಿಂತ, ಎಲ್ಲರೆದುರು ಆಪರೇಟರಿಗೆ ಆಡಿದ ಮಾತು ಆ ಹೊತ್ತಿನಲ್ಲಿ ಕಿವಿಯಲ್ಲಿ ಕೇಳುತ್ತಿತ್ತು.

ತಿದ್ದುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ಲಾಟ್‌ಫಾರ್ಮ್ ಡಿವೈಸ್ ಆ್ಯಡ್ ಡೇಟಾ ಎಂಬ ಫಂಕ್ಷನ್ ಕರ್ನಲ್ಲಿನಲ್ಲಿ ಇದೆ. ಅದು ಕೊಟ್ಟ ವಿಳಾಸವನ್ನು ಇಟ್ಟುಕೊಳ್ಳುವುದಿಲ್ಲ, ಅಲ್ಲಿರುವುದನ್ನು ಆ ಡಿವೈಸಿಗೆಂದೇ ಬೇರೆ ಜಾಗದಲ್ಲಿ ನಕಲು ಮಾಡಿ ಇಡುತ್ತದೆ. ಡಿವೈಸ್ ಹೋದಾಗ ಆ ನಕಲೂ ಹೋಗುತ್ತದೆ. ಮುಂದೆ ನಾನು ಸ್ಟ್ರಕ್ಚರನ್ನು ಅಳಿಸಿದರೂ, ಬೇರೆ ಅಂಕಿ ಬರೆದರೂ, ಯಾವ ಕ್ರಮದಲ್ಲಿ ಹಾಕಿದರೂ ಮೊದಲನೆಯದರ ಲೆಕ್ಕ ಮೊದಲನೆಯದರ ಹತ್ತಿರವೇ ಇರುತ್ತದೆ. ಜೂನ್ 3ರಂದು ಅದನ್ನು ಬ್ಯಾಡಗಿಯಲ್ಲಿ ಕೂಡಿಸಿದೆ. ಆಪರೇಟರ್ ಕೈಯಿಂದಲೇ ಹತ್ತು ಸಲ ಕಾರ್ಡಿನ ಕರೆಂಟ್ ತೆಗೆಸಿ ಹಾಕಿಸಿದೆ. ಹತ್ತು ಸಲವೂ ಪರದೆಯ ಅಂಕಿ ಗಾಜಿನ ಅಂಕಿಯ ಜೊತೆಗೇ ನಿಂತಿತು.

ಕರ್ನಲ್ಲಿನ ಮೂಲ ಕೋಡನ್ನು ಆಮೇಲೆ ಕೂತು ಓದಿದಾಗ, ಇದೇ ಎಚ್ಚರಿಕೆ ಅಲ್ಲಿ ಎಂದೋ ಬರೆದಿಟ್ಟದ್ದು ಕಂಡಿತು. ಸಣ್ಣ ಚಿಪ್ಪುಗಳನ್ನು ಜೋಡಿಸುವ ಐ2ಸಿ ಬಸ್ಸಿನ ಡಿವೈಸುಗಳ ಪಟ್ಟಿ ಕೊಡುವ ಫಂಕ್ಷನ್ನಿನ ಮೇಲೆ ಟಿಪ್ಪಣಿ ಇದೆ: ಪಟ್ಟಿಯನ್ನು ನಾವು ನಕಲು ಮಾಡಿಕೊಳ್ಳುತ್ತೇವೆ, ಆದರೆ ಅದರೊಳಗೆ ನೀವಿಟ್ಟ ವಿಳಾಸಗಳ ಆಚೆ ಇರುವುದನ್ನು ನಕಲು ಮಾಡುವುದಿಲ್ಲ ಎಂಬ ಅರ್ಥದ್ದು. ಶುರುವಿನ ಕೆಲಸ ಮುಗಿದ ಮೇಲೆ ಕರ್ನಲ್ ಖಾಲಿ ಮಾಡುವ ಜಾಗದಲ್ಲಿ ತಮ್ಮ ಡೇಟಾ ಇಟ್ಟವರು, ಫಂಕ್ಷನ್ ಮುಗಿದೊಡನೆ ಅಳಿಯುವ ಸ್ಥಳೀಯ ವೇರಿಯಬಲ್ಲಿನ ವಿಳಾಸ ಕೊಟ್ಟವರು, ನನ್ನಂತೆ ಎರಡು ಡಿವೈಸಿಗೆ ಒಂದೇ ಜಾಗ ಕೊಟ್ಟವರು: ಇವರೆಲ್ಲರಿಗೂ ಬೇಕಾದ ಟಿಪ್ಪಣಿ ಅದು.

ಒಂದೊಂದು ಬೋರ್ಡಿಗೆ ಒಂದೊಂದು ಸಿ ಕಡತ ಬರೆದು ಹೀಗೆ ಡಿವೈಸ್ ಪಟ್ಟಿ ಕೊಡುವ ಪದ್ಧತಿಯೇ ಆರ್ಮ್ ಚಿಪ್ಪುಗಳ ಲೋಕದಲ್ಲಿ ಬೆಳೆದು ಬೆಟ್ಟವಾಗಿತ್ತು. 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದರ ಬಗ್ಗೆ ಬಹಿರಂಗವಾಗಿಯೇ ಸಿಟ್ಟಾದರು. ಅಲ್ಲಿಂದ ಡಿವೈಸ್ ಟ್ರೀ ಎಂಬ ಪದ್ಧತಿ ಬೇಗ ಬೇಗ ಬೇರೂರಿತು. ಅದರಲ್ಲಿ ಯಂತ್ರದ ವಿವರ ಕೋಡಿನೊಳಗೆ ಇರುವುದಿಲ್ಲ, ಬೇರೆ ಕಡತದಲ್ಲಿ ಇರುತ್ತದೆ. ಪ್ರತಿ ಡಿವೈಸಿಗೂ ತನ್ನದೇ ಗಂಟು, ಗಂಟಿನೊಳಗೆ ತನ್ನದೇ ಅಂಕಿ. 2024ರ ಮಳೆಗಾಲದಲ್ಲಿ ನಾನೂ ಆ ದಾರಿಗೆ ಬಂದೆ. ಈಗ ಚೇಂಬರ್ ಒಂದರ ಗಂಟಿನಲ್ಲಿ ಅದರ ತಂತಿಯ ರೋಧ ಬರೆದಿದೆ, ಚೇಂಬರ್ ಎರಡರದರಲ್ಲಿ ಅದರದು. ಡ್ರೈವರ್ ಪ್ರೋಬ್ ಆದಾಗ ಪ್ರತಿ ಡಿವೈಸಿಗೂ ಬೇರೆ ಜಾಗ ಬೇಡಿ ಪಡೆದು, ಅಲ್ಲಿ ಆ ಅಂಕಿ ಇಟ್ಟುಕೊಂಡು, ಆ ಜಾಗವನ್ನು ಆ ಡಿವೈಸಿಗೇ ಕಟ್ಟುತ್ತದೆ.

ಮಾಲೀಕರಿಗೆ ಜೂನ್ 3ರ ಸಂಜೆಯೇ ಹೇಳಿದೆ. ತಪ್ಪು ಸೆನ್ಸರಿನದಲ್ಲ, ಅಮೋನಿಯಾದ್ದಲ್ಲ, ನಾನು ಬರೆದ ಎರಡು ಸಾಲಿನದು ಎಂದೆ. 46 ದಿನದಲ್ಲಿ ಒಂದನೇ ಚೇಂಬರ್ ಒಟ್ಟು 23 ದಿನ ಹನ್ನೆರಡು ಡಿಗ್ರಿಯ ಹತ್ತಿರ ಇತ್ತು ಎಂದು ದಾಖಲೆ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, ಇದನ್ನು ರೈತರಿಗೆ ತಾವೇ ಹೇಳುತ್ತೇವೆ, ಆದರೆ ನೀನೂ ಪಕ್ಕದಲ್ಲಿ ನಿಂತಿರಬೇಕು ಅಂದರು. ನಿಂತೆ. ಒಂದನೇ ಚೇಂಬರಿನ ಆ ಹಂಗಾಮಿನ ಬಾಡಿಗೆಯನ್ನು ಅವರು ಬಿಟ್ಟರು. ನನ್ನ ಆ ವರ್ಷದ ಬಿಲ್ಲನ್ನು ನಾನು ಕಳಿಸಲಿಲ್ಲ.

ಕಾಕಾನ ಮನೆಗೆ ಹೋಗಲು ಇನ್ನೂ ಎರಡು ದಿನ ಬೇಕಾಯಿತು. ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳತೊಡಗಿದೆ. ಕಾಕಾ ನಡುವೆ ತಡೆದು, "ನನಗ ತಿಳಿಯೂ ಹಂಗ ಹೇಳು" ಅಂದ.

ಅಪ್ಪನ ಅಂಗಡಿಯ ಮಾತು ತೆಗೆದೆ. ಚೀಲ ಬಂದಾಗ ಅಪ್ಪ ಪ್ರತಿ ಲಾಟಿಗೂ ಒಂದು ಚೀಟಿ ಬರೆಯುತ್ತಿದ್ದ. ರೈತನ ಹೆಸರು, ಊರು, ಚೀಲ ಎಷ್ಟು, ಲಾಟ್ ನಂಬರ್. ಚೀಟಿ ಆ ಲಾಟಿನ ಜೊತೆಗೇ ಇರುತ್ತಿತ್ತು. ಅಪ್ಪ ಹಾಗೆ ಮಾಡದೆ ಕಟ್ಟೆಯ ಮೇಲೆ ಒಂದು ಪಾಟಿ ಇಟ್ಟು, ಅದರಲ್ಲಿ ಬರೆದು, ಹಮಾಲನಿಗೆ "ವಿವರ ಪಾಟಿ ಮ್ಯಾಲೆ ಐತಿ" ಅಂದಿದ್ದರೆ? ಮುಂದಿನ ರೈತ ಬಂದಾಗ ಅದನ್ನೇ ಒರೆಸಿ ಅವನ ವಿವರ ಬರೆದಿದ್ದರೆ? ಅಲ್ಲೇ ನಿಂತ ಹಮಾಲ ತಕ್ಷಣ ನೋಡಿಕೊಂಡರೆ ಸರಿ. ಚಾ ಕುಡಿದು ಬಂದು ನೋಡಿದರೆ ಎರಡೂ ಲಾಟಿಗೆ ಕಡೆಯ ರೈತನ ಹೆಸರೇ. ನಾನು ಚೀಟಿ ಕಟ್ಟಬೇಕಾದಲ್ಲಿ ಪಾಟಿ ತೋರಿಸಿದೆ, ಕಾಕಾ.

"ಅಂದ್ರ ಎರಡನೇ ಖೋಲಿ ಲೆಕ್ಕ ನಮ್ಮ ಖೋಲಿಗೆ ಬಿತ್ತು."

"ಹೌದು."

"ಬರದಾಂವ ಯಾರು?"

"ನಾನ, ಕಾಕಾ."

ಕಾಕಾ ಏನೂ ಅನ್ನಲಿಲ್ಲ. ಎದ್ದು ಕೈತೊಳೆದುಕೊಂಡು ಊಟಕ್ಕೆ ಕೂತ. ನನಗೂ ತಾಟು ಹಾಕಿದರು.

ಜುಲೈನಲ್ಲಿ ಕಾಕಾ ಚೀಲ ತೆಗೆಸಿ ಪೇಟೆಗೆ ಒಯ್ದ. ನಾನೂ ಹೋದೆ. ಖರೀದಿದಾರರು ಕಾಯಿ ಮುರಿದು, ಅಂಗೈಯಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ನೋಡುತ್ತಾರೆ. ನಮ್ಮ ಕಾಯಿಗೆ ಹೊಳಪು ಇರಲಿಲ್ಲ. ಸೆಕೆ, ಥಂಡಿ, ಮತ್ತೆ ಸೆಕೆ ಎಂದು ಹೊಯ್ದಾಡಿದ ಕಾಯಿ ಸ್ವಲ್ಪ ಮೆತ್ತಗೂ ಆಗಿತ್ತು. ನಮ್ಮ ಪಕ್ಕದ ಹೊಲದವರ ಕಾಯಿ ಅದೇ ತಳಿ, ಅದೇ ವಾರ ಕೊಯ್ದದ್ದು, ಎರಡನೇ ಚೇಂಬರಿನಲ್ಲಿದ್ದದ್ದು. ಅವರ ಟೆಂಡರ್ ದರಕ್ಕಿಂತ ನಮ್ಮದಕ್ಕೆ ಕ್ವಿಂಟಲ್ಲಿಗೆ ಒಂದೂವರೆ ಸಾವಿರ ಕಡಿಮೆ ಬಂತು. ಹದಿನೆಂಟು ಕ್ವಿಂಟಲ್. ಇಪ್ಪತ್ತೇಳು ಸಾವಿರ ರೂಪಾಯಿ ಕಾಕಾನ ಮುಂದಿಟ್ಟೆ. ಬೇಡ ಅಂದಾನು ಎಂದು ನಾನು ಒಳಗೊಳಗೆ ಆಸೆ ಪಟ್ಟಿದ್ದೆ. ಕಾಕಾ ನೋಟುಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಕಿಸೆಗೆ ಹಾಕಿಕೊಂಡ. ಆಗ ನನಗೆ ಎದೆ ಹಗುರಾಯಿತು. ಬಿತ್ತನೆಗೆ ಅದೇ ದುಡ್ಡು ಬೇಕಾಗಿತ್ತು ಎಂದು ಚಿಗವ್ವ ಆಮೇಲೆ ಹೇಳಿದಳು.

ಆಪರೇಟರ್ ಹತ್ತಿರ ಹೋದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಹಮಾಲರ ಎದುರಿಗೆ ಬೈದಿದ್ದೆ, ಹಮಾಲರು ಇರುವ ಹೊತ್ತು ನೋಡಿಯೇ ಹೋದೆ. "ಅಣ್ಣಾರ, ತಪ್ಪು ನಂದು. ನೀವು ಹೇಳಿದ್ದು ಮೊದಲನೇ ದಿನದಿಂದ ಖರೆ ಇತ್ತು" ಅಂದೆ. ಅವರು ತಲೆ ಅಲ್ಲಾಡಿಸಿದರು. "ನಾ ಸುಳ್ಳ ಯಾಕ ಹೇಳ್ಲಿ ಸರ" ಅಂದರು, ಅಷ್ಟೇ.

ಈಗ ಯಾವ ಯಂತ್ರ ಕೂಡಿಸಿದರೂ ಎರಡು ಕೆಲಸ ಮಾಡದೆ ನಾನು ಬರುವುದಿಲ್ಲ. ಮಾಡ್ಯೂಲ್‌ಗಳನ್ನು ಎರಡೂ ಕ್ರಮದಲ್ಲಿ ಹಾಕಿ ತೆಗೆದು ನೋಡುತ್ತೇನೆ. ಆಮೇಲೆ ಹೇಳದೆ ಕೇಳದೆ ಕರೆಂಟ್ ಕಿತ್ತು, ತಾನಾಗಿ ಏಳಲು ಬಿಟ್ಟು, ಅಂಕಿ ನೋಡುತ್ತೇನೆ. ಆ ಕೋಲ್ಡ್ ಸ್ಟೋರೇಜಿನಲ್ಲಿ ಎರಡೂ ಚೇಂಬರಿನ ಕಂಬಕ್ಕೆ ಈಗ ಗಾಜಿನ ಥರ್ಮಾಮೀಟರ್ ಕಟ್ಟಿದೆ. ಕಂಟ್ರೋಲ್ ರೂಮಿನಲ್ಲಿ ದಾರ ಕಟ್ಟಿದ ನೋಟುಬುಕ್ಕು ತೂಗಾಡುತ್ತದೆ. ಆಪರೇಟರ್ ದಿನಕ್ಕೆ ಮೂರು ಸಲ ಅದರಲ್ಲಿ ಎರಡು ಕಾಲಂ ತುಂಬುತ್ತಾರೆ: ಒಂದರ ಮೇಲೆ ‘ಮಷೀನ್’ ಎಂದು ಬರೆದಿದ್ದಾರೆ, ಇನ್ನೊಂದರ ಮೇಲೆ ‘ಗಾಜು’. ಬ್ಯಾಡಗಿಗೆ ಹೋದಾಗಲೆಲ್ಲ ನಾನು ಲ್ಯಾಪ್‌ಟಾಪ್ ತೆರೆಯುವ ಮುಂಚೆ ಆ ನೋಟುಬುಕ್ಕು ತೆರೆಯುತ್ತೇನೆ.